ಜೋಕಾಲಿಗೆ ಬಿಟ್ಟ ಗಿಡ

ನನ್ನ ತವರುಮನೆ ಅಂಬರನಾಥದಲ್ಲಿತ್ತು ಅಂದರೆ ನಮ್ಮ ಚಾಳಿನ ಹೆಂಗಸರು ನಗುತ್ತಾರೆ. ಸುರಪುರದ ಕಡೆಯ ಹೆಣ್ಣಿಗೆ ಮರಾಠಿ ಸೀಮೆಯ ಅಂಬರನಾಥದಲ್ಲಿ ಎಂಥ ತವರು ಅಂತ. ನಗಲಿ ಬಿಡಿ. ಊರಲ್ಲಿ ನಮಗೆ ಹೊಲವಿರಲಿಲ್ಲ, ಸ್ವಂತದ್ದೊಂದು ಗೋಡೆ ಇರಲಿಲ್ಲ. ಅವ್ವ, ಅಪ್ಪ ಇಬ್ಬರೂ ನನಗೆ ಬುದ್ಧಿ ಬರುವ ಮೊದಲೇ ಮಣ್ಣಾಗಿದ್ದರು. ನನಗೆ ಇದ್ದವನು ಒಬ್ಬನೇ, ಅಣ್ಣ ಜಟ್ಟೆಪ್ಪ. ಅವನು ಎಲ್ಲಿ ಒಲೆ ಹೂಡುತ್ತಾನೋ ಅದೇ ನನ್ನ ತವರು. ಅವನು ಒಲೆ ಹೂಡಿದ್ದು ಅಂಬರನಾಥದ ಹಳೇ ಶಿವನ ಗುಡಿ ದಾಟಿ, ಕಾರ್ಖಾನೆಗಳ ಬೇಲಿ ಮುಗಿದ ಮೇಲೆ ಬರುವ ಗುಡ್ಡದ ಬುಡದಲ್ಲಿ. ನಮ್ಮ ಕಡೆಯವರದೇ ಹತ್ತಿಪ್ಪತ್ತು ಗುಡಿಸಲು ಅಲ್ಲಿದ್ದವು.

ನನ್ನನ್ನು ಶಹಾಡಿಗೆ ಕೊಟ್ಟಿದ್ದರು. ಗಂಡ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಶಹಾಡಿನಿಂದ ಕಲ್ಯಾಣ, ಕಲ್ಯಾಣದಲ್ಲಿ ರೈಲುಗಾಡಿ ಬದಲಿಸಿದರೆ ಅಂಬರನಾಥ. ಬೇಕೆಂದರೆ ಮುಂಜಾನೆ ಹೋಗಿ ಸಂಜೆಗೆ ಬರಬಹುದಿತ್ತು. ಆದರೆ ಪಂಚಮಿ ಹಬ್ಬಕ್ಕೆ ಮಾತ್ರ ನಾನು ನಾನಾಗಿ ಹೋಗುತ್ತಿರಲಿಲ್ಲ. ನಮ್ಮಲ್ಲಿ ನಾಗರಪಂಚಮಿಗೆ ಕೊಟ್ಟ ಹೆಣ್ಣುಮಗಳನ್ನು ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ತವರಿನಲ್ಲಿ ಅವಳು ನಾಗಪ್ಪನಿಗೆ ಹಾಲೆರೆಯಬೇಕು, ಅಳ್ಳು ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಕರೆಯಲು ಬರದಿದ್ದರೆ ಆ ಹೆಣ್ಣಿಗೆ ಹಿಂದು ಮುಂದು ಯಾರೂ ಇಲ್ಲ ಅಂತ ಅರ್ಥ. ಅಣ್ಣ ಒಂದು ವರ್ಷವೂ ತಪ್ಪಿಸಲಿಲ್ಲ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತು, "ನಡೀ ಮಾನಿ, ಗಾಡಿ ತಪ್ಪತದ," ಅನ್ನುತ್ತಿದ್ದ. ಮಾನಮ್ಮ ಅನ್ನುವ ನನ್ನ ಹೆಸರನ್ನು ಮಾನಿ ಅಂತ ಕರೆಯುವ ಹಕ್ಕು ಅವನೊಬ್ಬನದು. ಬೇರೆ ಯಾರಾದರೂ ಕರೆದರೆ ನಾನು ಓಗೊಡುವುದಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಗಂಡ ಹೇಳುತ್ತಾನೆ. ಇರಲಿ, ಮೂಗು ನನ್ನದು.

ಆ ಗುಡ್ಡದ ಕಾಡನ್ನು ಮೊದಲ ಸಲ ಕಂಡಾಗ ನನಗೆ ಹೆದರಿಕೆಯಾಗಿತ್ತು. ಬಯಲುಸೀಮೆಯ ಕಣ್ಣು ನಮ್ಮದು. ಒಂದು ಬೇವಿನ ಗಿಡ ಸಿಕ್ಕರೆ ಅದರ ಕೆಳಗೆ ಬುತ್ತಿ ಬಿಚ್ಚಿ, ಒಂದು ನಿದ್ದೆ ತೆಗೆದು ಮುಂದೆ ಹೋಗುವ ಜನ. ಇಲ್ಲಿ ನೋಡಿದರೆ ಗಿಡದ ಹಿಂದೆ ಗಿಡ, ಅದರ ಹಿಂದೆ ಇನ್ನೊಂದು. ಬಿಸಿಲು ನೆಲಕ್ಕೆ ಬರಬೇಕಾದರೆ ದಾರಿ ಕೇಳಿಕೊಂಡು ಬರಬೇಕು. ನಡುಗುಡ್ಡದಲ್ಲಿ ಬಂಡೆಯ ಸಂದಿಯಿಂದ ಒಂದು ಒರತೆ ಹರಿಯುತ್ತಿತ್ತು. ಬೇಸಿಗೆಯ ಸುಡುಸುಡು ದಿನಗಳಲ್ಲೂ ಅದರ ನೀರು ಹಲ್ಲು ಜುಮ್ಮೆನ್ನಿಸುವಷ್ಟು ತಣ್ಣಗೆ. ಶಹಾಡಿನಲ್ಲಿ ನಾನು ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಯಾರು ಯಾರ ಜುಟ್ಟು ಹಿಡಿಯುತ್ತಾರೋ ಅಂತ ಕಾಯುವವಳು. ತವರಿಗೆ ಬಂದರೆ ಆ ಒರತೆಯಲ್ಲಿ ಕಾಲು ಇಳಿಬಿಟ್ಟು ಕೂತುಬಿಡುತ್ತಿದ್ದೆ. ಅತ್ತಿಗೆ ಶರಣಬಸಮ್ಮ ಕೆಳಗಿನಿಂದ ಕೂಗುತ್ತಿದ್ದಳು, "ನೀರ ತರಾಕ ಹೋದಾಕಿ ನೀರಾಗೇ ಮನಿ ಮಾಡಿದ್ಯೇನವ್ವಾ?"

ಗುಡ್ಡದ ಮೇಲೆ ಠಾಕರ ಅನ್ನುವ ಕಾಡುಜನರ ಹಾಡಿ ಇತ್ತು. ಅಲ್ಲಿನ ಚಂದ್ರಬಾಯಿ ಅತ್ತಿಗೆಗೆ ಗೆಳತಿ. ಇವಳಿಗೆ ಮರಾಠಿ ಬರದು, ಅವಳಿಗೆ ಕನ್ನಡ ಬರದು. ಆದರೂ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಕೂತರೆ ಮಾತು ಮುಗಿಯುತ್ತಿರಲಿಲ್ಲ. ಮಳೆ ಶುರುವಾದ ಕೂಡಲೇ ಚಂದ್ರಬಾಯಿ ಬುಟ್ಟಿ ತುಂಬ ಕಾಡಿನ ಸೊಪ್ಪು ತಂದು ಸುರಿಯುತ್ತಿದ್ದಳು. ಬೇಸಿಗೆಯಲ್ಲಿ ಕರವಂದ, ಅಂದರೆ ನಮ್ಮ ಕವಳಿ ಹಣ್ಣು. ತಿಂದು ತಿಂದು ನಾಲಿಗೆ ಕಪ್ಪಾಗುತ್ತಿತ್ತು. ಆ ಹಣ್ಣನ್ನು ಈಗ ಕಲ್ಯಾಣದ ಸ್ಟೇಶನ್ ಹೊರಗೆ ದೊನ್ನೆಯಲ್ಲಿ ಮಾರುತ್ತಾರೆ. ನಾನು ಕೊಳ್ಳುವುದಿಲ್ಲ.

ಒರತೆಯಿಂದ ಸ್ವಲ್ಪ ಕೆಳಗೆ, ಗುಡಿಸಲುಗಳಿಗೆ ನೇರ ಮೇಲೆ, ಜೋಕಾಲಿ ಗಿಡ. ಚಂದ್ರಬಾಯಿ ಅದನ್ನು ಐನ ಅನ್ನುತ್ತಿದ್ದಳು. ನಮ್ಮ ಬಾಯಲ್ಲಿ ಎಷ್ಟು ದೊಡ್ಡ ಮರವಾದರೂ ಗಿಡವೇ. ಅದರದೊಂದು ಕೊಂಬೆ ತೊಲೆಯ ಹಾಗೆ ಅಡ್ಡಕ್ಕೆ ಚಾಚಿತ್ತು. ಪಂಚಮಿಯ ಮುನ್ನಾದಿನ ಅಣ್ಣ ಹತ್ತಿ ಹಗ್ಗ ಕಟ್ಟುತ್ತಿದ್ದ. ಮರುದಿನ ಹೊಸ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ನಿಂತೆ ಅಂದರೆ ಮುಗಿಯಿತು, ಇಳಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಹಿಂದಕ್ಕೆ ಹೋದಾಗ ಬೆನ್ನಿಗೆ ಎಲೆ ತಾಗಬೇಕು, ಮುಂದಕ್ಕೆ ಬಂದಾಗ ಕಾಲಿಗೆ ಎಲೆ ತಾಗಬೇಕು, ಸುತ್ತಲೂ ಅಷ್ಟು ದಟ್ಟ. ಮಳೆ ನಿಂತ ಮೇಲೂ ಎಲೆಗಳಿಂದ ನೀರು ಉದುರುತ್ತಲೇ ಇರುತ್ತಿತ್ತು. ಅಷ್ಟು ಸುಖವನ್ನು ನಾನು ಜೀವಮಾನದಲ್ಲಿ ಮತ್ತೆಲ್ಲೂ ಕಂಡಿಲ್ಲ. ಮದುವೆಯಲ್ಲೂ ಇಲ್ಲ, ಗಂಡನೆದುರೇ ಹೇಳುತ್ತೇನೆ.

ಇನ್ನು ಅಣ್ಣನ ಕೆಲಸದ ಮಾತು. ಅವನು ಕೊಡಲಿ ಹಿಡಿದವನು. ಕಲ್ಯಾಣ ಡೊಂಬಿವಲಿಯ ಹೋಟೆಲು, ಬೇಕರಿಗಳಿಗೆಲ್ಲ ಕಟ್ಟಿಗೆ ಒದಗಿಸುವ ಒಬ್ಬ ಶೇಠನ ಕೈಕೆಳಗೆ ಕಡಿಯುವ ಆಳುಗಳ ಮುಕಾದಮನಾಗಿದ್ದ. ಮೊದಮೊದಲು ಒಣಗಿದ್ದು, ಬಿದ್ದದ್ದು, ಅಲ್ಲೊಂದು ಇಲ್ಲೊಂದು ಬಲಿತದ್ದು ಇಷ್ಟೇ ಕಡಿಯುತ್ತಿದ್ದರು. ಎಪ್ಪತ್ತೇಳರ ದೀಪಾವಳಿ ಮುಗಿದ ಮೇಲೆ ಶೇಠ ಇಡೀ ಗುಡ್ಡವನ್ನೇ ಗುತ್ತಿಗೆ ಹಿಡಿದ. ದಪ್ಪದ್ದು ನಾಟಾಕ್ಕೆ, ಸಣ್ಣದ್ದು ಒಲೆಗೆ, ಉಳಿದದ್ದು ಇದ್ದಲಿಗೆ. ಹೋಳಿ ಹುಣ್ಣಿಮೆಯೊಳಗೆ ಗುಡ್ಡ ಬೋಳಾಗಬೇಕು ಅಂತ ಕರಾರು.

ಹೊಟ್ಟೆ ಕೇಳುವುದಿಲ್ಲವಲ್ಲ. ಗುಡಿಸಲುಗಳ ಗಂಡಸರೆಲ್ಲ ಹೊರಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಆ ಮಾತು ಎಷ್ಟು ನಿಜ ಅಂತ ಆ ಚಳಿಗಾಲದಲ್ಲಿ ಗುಡ್ಡದ ಬುಡದಲ್ಲಿ ಇದ್ದವರಿಗೆ ಗೊತ್ತಾಯಿತು. ಅತ್ತಿಗೆ ಮಾತ್ರ ಮೊದಲ ದಿನವೇ ದಾರಿಗೆ ಅಡ್ಡ ನಿಂತಿದ್ದಳಂತೆ. ಇದನ್ನು ಅವಳೇ ನನಗೆ ಆಮೇಲೆ ಹೇಳಿದ್ದು.

"ಗುಡ್ಡ ಪೂರಾ ಬೋಳಿಸ್ತೀ ಅಂದ್ರ ಪಂಚಮಿಗಿ ಮಾನವ್ವ ಬಂದು ಎಲ್ಲಿ ಜೋಕಾಲಿ ಆಡಬೇಕು? ನಿನ್ನ ತೆಲಿ ಮ್ಯಾಲ?"

"ಆ ಗಿಡಕ್ಕ ಕೊಡಲಿ ಹಚ್ಚಂಗಿಲ್ಲ. ಶೇಠಗ ಹೇಳೀನಿ," ಅಂದನಂತೆ ಅಣ್ಣ.

"ಶೇಠ ಏನಂದ?"

"ಠೀಕ್ ಹೈ ಅಂದ. ಒಂದ ಗಿಡದಾಗ ನನಗೇನ್ ನುಕ್ಸಾನ್ ಅಂದ."

ಹೀಗೆ ಇಡೀ ಗುಡ್ಡ ಹೋಗಿ ಒಂದು ಗಿಡ ಉಳಿಯಿತು. ಅದು ನನ್ನ ಹೆಸರಿನಲ್ಲಿ ಉಳಿದ ಗಿಡ. ಆ ವರ್ಷ ಪಂಚಮಿಗೆ ಕರೆಯಲು ಬಂದಾಗ ಅಣ್ಣ ಗಾಡಿಯಲ್ಲಿ ಇದನ್ನು ಹೇಳಿದ. ನನಗೆ ಬಂದ ಜಂಬ ಅಷ್ಟಿಷ್ಟಲ್ಲ. ಬೇರೆಯವರ ಅಣ್ಣಂದಿರು ಹಬ್ಬಕ್ಕೆ ಖಣ ಕೊಡುತ್ತಾರೆ, ಹೆಚ್ಚೆಂದರೆ ಸೀರೆ. ಕಾಡಿನೊಳಗಿನ ಗಿಡ ಯಾರು ಕೊಡುತ್ತಾರೆ? ರೈಲಿನ ಡಬ್ಬಿಯಲ್ಲಿ ಎದುರು ಕೂತಿದ್ದ ಮರಾಠಿ ಹೆಂಗಸಿಗೂ ಮುರುಕು ಮರಾಠಿಯಲ್ಲಿ ಹೇಳಿದೆ. ಅವಳು ಏನು ತಿಳಿದುಕೊಂಡಳೋ, ಒಂದು ಬಾಳೆಹಣ್ಣು ಕೊಟ್ಟಳು.

ಗುಡ್ಡ ಕಂಡ ಮೇಲೆ ಜಂಬ ಇಳಿಯಿತು. ಕ್ಷೌರ ಮಾಡಿಸಿಕೊಂಡವನ ತಲೆಯ ಹಾಗೆ ಗುಡ್ಡ ಕೂತಿತ್ತು, ನಡುವೆ ಜುಟ್ಟಿನ ಹಾಗೆ ನನ್ನ ಗಿಡ. ಎಲ್ಲ ಕಡೆ ಮೊಂಡು ಬೊಡ್ಡೆಗಳು. ಮಳೆನೀರು ಕೆಂಪಗೆ, ಸೀದಾ ಗುಡಿಸಲ ಕಡೆಗೇ ಇಳಿಯುತ್ತಿತ್ತು. ಜೋಕಾಲಿ ಆಡಿದೆ. ಹಿಂದಕ್ಕೆ ಹೋದೆ, ಮುಂದಕ್ಕೆ ಬಂದೆ, ಎಲ್ಲೂ ಒಂದು ಎಲೆ ತಾಗಲಿಲ್ಲ. ಕೆಳಗೆ ಕಾರ್ಖಾನೆಗಳ ತಗಡು, ಚಿಮಣಿ, ರೈಲು ಹಳಿ ಎಲ್ಲ ಕಂಡವು. ಮೊದಲು ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಅಣ್ಣ, "ಹ್ಯಾಂಗದ?" ಅಂತ ಕೇಳಿದ. "ಛಲೋ ಅದ," ಅಂದೆ.

ಮರುವರ್ಷದ ಬೇಸಿಗೆಗೆ ಒರತೆ ಬತ್ತಿತು. ಮೊದಲು ಎಳೆಯಾಯಿತು, ಆಮೇಲೆ ತೊಟ್ಟಿಕ್ಕಿತು, ಆಮೇಲೆ ಬಂಡೆಯ ಮೇಲೆ ಪಾಚಿ ಒಣಗಿ ಕರ್ರಗೆ ಕೂತಿತು. ಅತ್ತಿಗೆ ಎರಡು ಕೊಡ ಹೊತ್ತು ಕಾರ್ಖಾನೆಗಳ ಕಡೆಯ ನಲ್ಲಿಗೆ ನಡೆಯತೊಡಗಿದಳು. ಗುಡಿಸಲಲ್ಲಿ ಮಧ್ಯಾಹ್ನ ಕೂರಲಾಗುತ್ತಿರಲಿಲ್ಲ, ಅಷ್ಟು ಝಳ. ನಮ್ಮ ಊರಿನ ಬಿಸಿಲೇ ಗಾಡಿ ಹತ್ತಿ ಹಿಂದೆ ಬಂದಿದೆ ಅಂತ ಗಂಡಸರು ಚೇಷ್ಟೆ ಮಾಡಿಕೊಂಡರು. ಒಂದು ದಿನ ಚಂದ್ರಬಾಯಿ ಬರಿಗೈಯಲ್ಲಿ ಬಂದಳು. ಬುಟ್ಟಿ ಬೋರಲಾಗಿ ತಲೆಯ ಮೇಲಿತ್ತು. "ಜಂಗಲ್ ಗೇಲಂ, ಆತಾ ಮೀ ಪಣ ಜಾತೇ," ಅಂದಳಂತೆ. ಕಾಡು ಹೋಯಿತು, ಈಗ ನಾನೂ ಹೋಗುತ್ತೇನೆ ಅಂತ. ಅತ್ತಿಗೆಗೆ ಅಷ್ಟು ಮರಾಠಿ ತಿಳಿಯಿತು. ಅವಳ ಸೆರಗು ಹಿಡಿದು ಅತ್ತಳಂತೆ. ನನ್ನ ಜೊತೆ ಹಬ್ಬದ ಉಂಡಿಗೆ ಬೆಲ್ಲ ಹೆಚ್ಚಾಯಿತು ಕಡಿಮೆಯಾಯಿತು ಅಂತ ಜಗಳ ತೆಗೆಯುವ ಹೆಂಗಸು, ಇದನ್ನು ಹೇಳುವಾಗಲೂ ಕಣ್ಣು ಒರೆಸಿಕೊಂಡಳು.

ಎರಡು ಮಳೆಗಾಲದಲ್ಲಿ ಜೋಕಾಲಿ ಗಿಡದ ಬುಡದ ಮಣ್ಣು ತೊಳೆದು ಹೋಗಿ ಬೇರುಗಳು ಹೊರಗೆ ಬಂದವು. ಕೆಲವು ನನ್ನ ತೊಡೆಯಷ್ಟು ದಪ್ಪ. ಅಣ್ಣ ಅವುಗಳ ಸುತ್ತ ಕಲ್ಲು ಒಟ್ಟಿದ, ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತುಂಬಿದ. ಮಳೆ ಬಂತು, ಮಣ್ಣು ಹೋಯಿತು. ಮತ್ತೆ ತುಂಬಿದ. ಅತ್ತಿಗೆ ಆ ಬೇರುಗಳ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾವು ಯಾರೂ ಏನೂ ಅಂದುಕೊಳ್ಳಲಿಲ್ಲ. ಬಯಲಿನ ಜನರ ಲೆಕ್ಕವೇ ಹಾಗೆ. ನಮ್ಮಲ್ಲಿ ಹೊಲದ ನಡುವೆ ಒಂದು ಬೇವು, ಒಂದು ಬನ್ನಿ ಒಂಟಿಯಾಗೇ ಹುಟ್ಟಿ ಒಂಟಿಯಾಗೇ ನೂರು ವರ್ಷ ನಿಲ್ಲುತ್ತದೆ. ಗಿಡ ಅಂದರೆ ಒಂಟಿ ಅಂತಲೇ ನಮಗೆ ಗೊತ್ತಿದ್ದದ್ದು.

ಎಂಬತ್ತರ ಪಂಚಮಿಗೆ ನಾಲ್ಕು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಹಬ್ಬದ ದಿನ ಸ್ವಲ್ಪ ಹೊಳವಾಯಿತು. ಹೆಂಗಸರು, ಮಕ್ಕಳು ಎಲ್ಲರೂ ಗುಡಿಸಲು ಬಿಟ್ಟು ಮೇಲೆ ಬಂದರು. ನಾನು ಜೋಕಾಲಿಯ ಮೇಲೆ ಕೂತಿದ್ದೆ, ಅಣ್ಣ ಹಿಂದಿನಿಂದ ತೂಗುತ್ತಿದ್ದ. ಒಮ್ಮೆಲೇ ತೂಗುವುದನ್ನು ನಿಲ್ಲಿಸಿದ. ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಆದರೆ ಗಿಡ ಬೀಳುವ ಮೊದಲು ಒಳಗೊಳಗೇ ಮಾಡುವ ಸದ್ದು ಕೊಡಲಿಯವನಿಗೆ ತಪ್ಪುತ್ತದೆಯೇ? "ಓಡ್ರೋ!" ಅಂತ ಒದರಿದ. ಎರಡೂ ಕೈಯಿಂದ ನನ್ನ ಸೊಂಟ ಹಿಡಿದು ಎತ್ತಿ ಬದಿಗೆ ಎಸೆದ. ಅಷ್ಟರಲ್ಲಿ ನೆಲವೇ ಜಾರಿತು. ಗಿಡ ನಿಂತ ಹಾಗೇ ಸ್ವಲ್ಪ ದೂರ ಇಳಿಯಿತು, ಆಮೇಲೆ ಮಗುಚಿತು. ಒಂದು ಕೊಂಬೆ ನನ್ನ ಎಡಗಾಲಿನ ಮೇಲೆ ಬಂತು. ಉಳಿದ ಗಿಡ, ಕಲ್ಲು, ಕೆಸರು ಎಲ್ಲ ಸೇರಿ ಕೆಳಗಿನ ಗುಡಿಸಲುಗಳ ಮೇಲೆ ಹೋದವು. ಹಬ್ಬವೆಂದು ಎಲ್ಲರೂ ಮೇಲೆ ಇದ್ದದ್ದಕ್ಕೆ ಜೀವ ಉಳಿದವು. ಅಣ್ಣನ ಗುಡಿಸಲು ಇದ್ದ ಜಾಗ ಕೂಡ ಗುರುತು ಸಿಗಲಿಲ್ಲ.

ಕಲ್ಯಾಣದ ದವಾಖಾನೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು. ಅಣ್ಣ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. ನನ್ನ ಮುಖ ನೋಡದೆ ಹೇಳಿದ, "ನಾ ಗಿಡ ಉಳಿಸೀನಿ ಅಂತ ತಿಳಕೊಂಡಿದ್ದೆ ಮಾನಿ. ಅದರ ಮಂದಿನ್ನೆಲ್ಲ ಕಡದು ಅದನ್ನೊಂದ ನಿಂದರಿಸಿದ್ದೆ. ಬೇರಿಗಿ ಬೇರ ಕೈ ಹಿಡಕೊಂಡ ನಿಂತಿರ್ತಾವ ಅಲ್ಲಿ. ನನಗ ತಿಳೀಲಿಲ್ಲ."

"ಹೋಗಲಿ ಬಿಡಣ್ಣ," ಅಂದೆ.

"ನಿನ್ನನ್ನ ಕೊಲ್ತಿದ್ದೆ," ಅಂದ. ನಮ್ಮಣ್ಣ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಕಾಲು ಕೂಡಿತು, ಆದರೆ ನೆಟ್ಟಗಾಗಲಿಲ್ಲ. ಇವತ್ತಿಗೂ ಎಳೆದೇ ನಡೆಯುತ್ತೇನೆ. ಮರುವರ್ಷ ಪಂಚಮಿ ಹತ್ತಿರ ಬಂದಂತೆ ನಾನು ದಿನ ಎಣಿಸತೊಡಗಿದೆ. ಕಾಲಿನದಲ್ಲ ಚಿಂತೆ. ಇನ್ನು ಅಣ್ಣ ಯಾವ ಮುಖ ಇಟ್ಟುಕೊಂಡು ಕರೆಯಲು ಬಂದಾನು, ಬರದಿದ್ದರೆ ನನಗೆ ತವರು ಎಲ್ಲಿ, ಅಂತ. ಅವನು ಬಂದ. ಹಬ್ಬಕ್ಕೆ ಎರಡು ದಿನ ಮೊದಲೇ ಬಂದು ನಮ್ಮಲ್ಲೇ ಉಳಿದ, ಕುಂಟುಕಾಲಿನವಳನ್ನು ಗದ್ದಲವಿಲ್ಲದ ಗಾಡಿ ನೋಡಿ ಹತ್ತಿಸಬೇಕು ಅಂತ. ಶೇಠ ಅವನ ತಂಡವನ್ನು ನೆರೂಳದ ಕಡೆಯ ಇನ್ನೊಂದು ಗುಡ್ಡಕ್ಕೆ ಹಾಕಿದ್ದ.

"ಮತ್ತ ಅದೇ ಕೆಲಸ?" ಅಂತ ನಾನು ರೇಗಿದೆ. "ನಾಚಿಕಿ ಇಲ್ಲೇನು?"

"ಅದ. ಹೊಟ್ಟಿನೂ ಅದ," ಅಂದ.

ಹಬ್ಬದ ದಿನ ನಸುಕಿನಲ್ಲೇ ಹೊರಟು, ಠಾಣೆ ಸ್ಟೇಶನ್ನಿನಲ್ಲಿ ಇಳಿದು ಬಸ್ಸು ಹಿಡಿದೆವು. ಆಗ ನೆರೂಳದಲ್ಲಿ ಮನೆಗಿಂತ ಸೆಕ್ಟರ್ ಬೋರ್ಡುಗಳೇ ಹೆಚ್ಚು. ರಸ್ತೆ ಮುಗಿದಲ್ಲಿ ಗುಡ್ಡ, ಅದರ ಬುಡದಲ್ಲಿ ಹೊಸ ಗುಡಿಸಲುಗಳು. ಅರ್ಧ ಗುಡ್ಡ ಬೋಳಾಗಿತ್ತು, ಆಚೆಯ ಅರ್ಧ ಇನ್ನೂ ಹಸಿರಾಗಿತ್ತು. ತಂಡದಲ್ಲಿ ಹಳಬರು ಯಾರೂ ಇರಲಿಲ್ಲ. ಅಂಬರನಾಥದವರು ಕಟ್ಟಡದ ಕೆಲಸ ಹಿಡಿದು ಚದುರಿ ಹೋಗಿದ್ದರು. ಇವರೆಲ್ಲ ಆಳಂದ, ಅಫಜಲಪುರದ ಕಡೆಯಿಂದ ಹೊಸದಾಗಿ ಬಂದವರು. ಅವರಲ್ಲಿ ಅಂಬಾರಾಯ ಅನ್ನುವ ಮೀಸೆಯ ಗಂಡಸು, ಇಬ್ಬರು ಮಕ್ಕಳ ತಂದೆ, ನಮ್ಮನ್ನು ಕಂಡದ್ದೇ ಓಡಿ ಬಂದ.

"ಬಾ ಯಕ್ಕಾ, ನಿನ್ನ ಸಲೇಕ ಒಂದ ಗಿಡ ಬಿಟ್ಟೀವಿ. ಹಗ್ಗನೂ ಕಟ್ಟಾಗ್ಯಾದ!"

ಬೋಳಾದ ಇಳಿಜಾರಿನ ನಡುವೆ ಒಂದೇ ಗಿಡ ನಿಂತಿತ್ತು. ಕೆಳಗೆ ಹೊಸ ಸೀರೆಯ ಹೆಂಗಸರು, ಮಕ್ಕಳು. ಇನ್ನೂ ಕೆಳಗೆ ಗುಡಿಸಲುಗಳು. ಅತ್ತಿಗೆ ಶರಣಬಸಮ್ಮ ದೂರದಲ್ಲಿ ಒಬ್ಬಳೇ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಣ್ಣನ ಮುಖ ಕಪ್ಪಿಟ್ಟಿತು.

"ಯಾರ ಹೇಳಿದ್ರೋ ಬಿಡಾಕ?"

ಅಂಬಾರಾಯ ಗಾಬರಿಯಾದ. "ಮುಕಾದಮ ಅಂಬರನಾಥದಾಗ ತಂಗಿ ಸಲೇಕ ಗಿಡ ಬಿಟ್ಟಿದ್ದ ಅಂತ ಮಂದಿ ಎಲ್ಲಾ ಹೇಳ್ತಾರಲ್ಲಣ್ಣಾ. ಅಂಥಾ ಅಣ್ಣ ಎಲ್ಲಿ ಸಿಗ್ತಾನ ಅಂತಾರ. ನೀ ಊರಾಗಿಲ್ಲದಾಗ ಇದರ ಸುತ್ತಿನವು ಕಡದು ಇದನ್ನೊಂದ ಬಿಟ್ಟು, ನಿನಗ ಖುಷಿ ಮಾಡಮು ಅಂತ..."

ಅಣ್ಣನ ಹೆಸರಿನ ಕಥೆ ಹೊಸ ಜನರ ತನಕ ಬಂದಿತ್ತು. ಅದರ ಕೊನೆ ಮಾತ್ರ ಬಂದಿರಲಿಲ್ಲ.

ಅಣ್ಣ ಗುಡಿಸಲಿಗೆ ಹೋಗಿ ಕೊಡಲಿ ತಂದ. ಹೆಂಗಸರು ಹೌಹಾರಿದರು. ಪಂಚಮಿಯ ದಿನ ನಮ್ಮಲ್ಲಿ ನೆಲ ಅಗೆಯುವುದಿಲ್ಲ, ಏನನ್ನೂ ಕೊಯ್ಯುವುದಿಲ್ಲ, ಕಾಯಿಪಲ್ಯ ಕೂಡ ಹಿಂದಿನ ದಿನವೇ ಹೆಚ್ಚಿಡುತ್ತಾರೆ. ನಾಗಪ್ಪನಿಗೆ ಹಾಲೆರೆದ ಕೈಯಲ್ಲಿ ಕೊಡಲಿ ಹಿಡಿದರೆ ವಂಶ ಉಳಿಯುವುದಿಲ್ಲ ಅಂತ ಹೆದರುವ ಜನ ನಾವು. ಒಬ್ಬ ಮುದುಕಿ, "ಹಬ್ಬದ ದಿನ ಬ್ಯಾಡೋ ಯಪ್ಪಾ, ನಾಳಿ ಕಡಿಯಂತಿ," ಅಂತ ಕೈಮುಗಿದಳು.

"ನಾಳಿ ತನಕ ಯಾವ ಹೆಣ್ಣಮಗಳು ಅದರ ಮ್ಯಾಲ ಕುಂದರಬೇಕಬೇ?" ಅಂದ ಅಣ್ಣ. ಆಮೇಲೆ ಅಂಬಾರಾಯನ ಕಡೆ ತಿರುಗಿದ. "ಬಿಡೋದಿದ್ರ ಆಚಿ ಕಡಿ ಅದಾವಲ್ಲ, ಹಂಗ ಗುಂಪ ಕೂಡಿ ಬಿಡಬೇಕು. ಅದು ನಿನ್ನ ಕೈಯಾಗಿಲ್ಲ, ನನ್ನ ಕೈಯಾಗಿಲ್ಲ. ಒಂದನ್ನ ಮಾತ್ರ ಬಿಡಬ್ಯಾಡ. ಅದು ಉಳಿಸೋದಲ್ಲ."

ಮೊದಲ ಏಟು ಬಿದ್ದಾಗ ನನಗೆ ಕಾಲಿನ ಮೂಳೆಯಲ್ಲೇ ನೋವಾಯಿತು. ಅವನನ್ನು ಬೈಯಬೇಕು ಅನ್ನಿಸಿತು, ಅವನ ಕಾಲಿಗೆ ಬೀಳಬೇಕು ಅನ್ನಿಸಿತು. ಎರಡೂ ಮಾಡಲಿಲ್ಲ. ಗಿಡವನ್ನು ಗುಡಿಸಲುಗಳ ಕಡೆ ಬೀಳದ ಹಾಗೆ ಎಳೆಯಲು ಹಗ್ಗ ಬೇಕಾಯಿತು. ಅತ್ತಿಗೆ ಬಂದು ಜೋಕಾಲಿಯ ಹಲಗೆ ಬಿಚ್ಚಿ ಬದಿಗಿಟ್ಟಳು. ಹಗ್ಗದ ತುದಿಯನ್ನು ಗಂಡಸರು ಹಿಡಿದರು, ಅವಳೂ ಹಿಡಿದಳು. ಹಿಂದೆ ಒಂದು ಕೈಗೆ ಜಾಗವಿತ್ತು. ನಾನು ಕಾಲೆಳೆದುಕೊಂಡು ಹೋಗಿ ಅಲ್ಲಿ ನಿಂತೆ, ಅಣ್ಣ "ಎಳೀರಿ" ಅಂದಾಗ ಎಲ್ಲರ ಜೊತೆ ಎಳೆದೆ.